ಹಾಲಿನಲ್ಲಿ ಹುಡುಕಿದ ವೈರಸ್

ಚಿಕ್ಕಮ್ಮನಿಗೆ ಸ್ತನ ಕ್ಯಾನ್ಸರ್ ಎಂದು ಬಯಾಪ್ಸಿ ರಿಪೋರ್ಟ್ ಬಂದ ಮೂರನೆಯ ದಿನ ನಾನು ಅರಸೀಕೆರೆ ಹತ್ತಿರದ ಅವರ ಊರಿಗೆ ಹೋದೆ. ಅಡುಗೆಮನೆಯ ಕಟ್ಟೆಯ ಮೇಲೆ ತೊಳೆದ ಸ್ಟೀಲ್ ಲೋಟಗಳನ್ನು ಬೋರಲು ಹಾಕಿದ್ದರು. ಒಂದರ ತಳದಲ್ಲಿ ಕೆಂಪು ನೈಲ್ ಪಾಲಿಶ್‌ನ ಚುಕ್ಕೆಯಿತ್ತು. ಮನೆಯವರು ಯಾರೋ ಅವರ ಲೋಟವನ್ನು ಬೇರೆ ಮಾಡಿದ್ದಾರೆ ಅಂದುಕೊಂಡು ನನ್ನ ಮನಸ್ಸು ಮುದುಡಿತು. ಕೇಳಿದರೆ, ಚುಕ್ಕೆ ಇಟ್ಟವರು ಚಿಕ್ಕಮ್ಮನೇ. ‘ಮಕ್ಕಳು ಗೊತ್ತಿಲ್ದೆ ನನ್ನ ಲೋಟದಲ್ಲಿ ಕುಡಿದುಬಿಟ್ರೆ ಕಷ್ಟ ಅಲ್ವಾ ಮಗಾ’ ಅಂದರು.

ಬಾಣಂತನಕ್ಕೆಂದು ಬಂದಿದ್ದ ಅವರ ಮಗಳೂ ಅಲ್ಲೇ ಇದ್ದಳು. ಮಗುವಿಗೆ ಮೂರು ತಿಂಗಳು. ರಾತ್ರಿ ಎಲ್ಲರೂ ಮಲಗಿದ ಮೇಲೆ ಅವಳು ದನಿ ತಗ್ಗಿಸಿ ಕೇಳಿದಳು: ‘ಅಕ್ಕಾ, ಕ್ಯಾನ್ಸರ್‌ಗೆ ವೈರಸ್ಸೇ ಕಾರಣ ಅಂತ ಮೊಬೈಲಲ್ಲಿ ಬಂದಿತ್ತು. ನಾನು ಅಮ್ಮನ ಹಾಲು ಕುಡಿದೇ ಬೆಳೆದವಳು. ಅದರಲ್ಲೇ ನನಗೂ ಬಂದಿದ್ರೆ? ಈಗ ಇವಳಿಗೆ ನಾನು ಹಾಲು ಕೊಡ್ಲೋ, ಬೇಡ್ವೋ?’

ಹೆದರಿದ ಬಾಣಂತಿಯ ಮಾತೆಂದು ತಳ್ಳಿಹಾಕುವ ಪ್ರಶ್ನೆ ಇದಲ್ಲ. ಸುಮಾರು 90 ವರ್ಷಗಳಿಂದ ದೊಡ್ಡ ದೊಡ್ಡ ವಿಜ್ಞಾನಿಗಳು ಇದೇ ಪ್ರಶ್ನೆಯ ಹಿಂದೆ ಬಿದ್ದಿದ್ದಾರೆ. ಒಮ್ಮೆ ಆ ಹುಡುಕಾಟ ಅಮೆರಿಕದ ಪ್ರಯೋಗಾಲಯದಿಂದ ಹೊರಟು ಬಾಂಬೆಯ ತಾಯಂದಿರ ಎದೆಹಾಲಿನವರೆಗೂ ಬಂದಿತ್ತು. ತಂಗಿಗೆ ಸರಿಯಾದ ಉತ್ತರ ಕೊಡಬೇಕಾದರೆ ಆ ಕಥೆಯನ್ನು ಮೊದಲಿನಿಂದ ಹೇಳಬೇಕು.

ಸಾಕುತಾಯಿಯ ಮಡಿಲಲ್ಲಿ ಇಲಿಮರಿ

ಅಮೆರಿಕದ ಮೇನ್ ರಾಜ್ಯದ ಕಡಲತಡಿಯಲ್ಲಿ ಬಾರ್ ಹಾರ್ಬರ್ ಎಂಬ ಪುಟ್ಟ ಊರಿದೆ. 1929ರಲ್ಲಿ ಅಲ್ಲಿ ಶುರುವಾದ ಜಾಕ್ಸನ್ ಪ್ರಯೋಗಾಲಯ ಶುದ್ಧ ತಳಿಯ ಇಲಿಗಳಿಗೆ ಹೆಸರುವಾಸಿ. ಅಲ್ಲಿನ ಕೆಲವು ತಳಿಗಳಲ್ಲಿ ಹೆಣ್ಣಿಲಿಗಳ ಪೈಕಿ ಹೆಚ್ಚಿನವಕ್ಕೆ ಸ್ತನದಲ್ಲಿ ಗಡ್ಡೆ ಬರುತ್ತಿತ್ತು. ಇನ್ನು ಕೆಲವು ತಳಿಗಳಲ್ಲಿ ಅದು ಅಪರೂಪ. ಈ ರೋಗ ರಕ್ತದಲ್ಲೇ, ವಂಶದಲ್ಲೇ ಇದೆ ಎಂದು ಎಲ್ಲರೂ ನಂಬಿದ್ದರು.

ಹಾಗಾದರೆ ತಾಯಿಯಿಂದ ಬಂದರೂ ತಂದೆಯಿಂದ ಬಂದರೂ ಫಲ ಒಂದೇ ಆಗಬೇಕಿತ್ತು. ಎರಡು ತಳಿಗಳನ್ನು ಅದಲುಬದಲು ಮಾಡಿ ಕೂಡಿಸಿ ನೋಡಿದಾಗ ಲೆಕ್ಕ ತಪ್ಪಿತು. ತಾಯಿ ರೋಗದ ತಳಿಯವಳಾಗಿದ್ದರೆ ಹೆಣ್ಣುಮರಿಗಳಿಗೆ ಗಡ್ಡೆ ಬರುತ್ತಿತ್ತು. ತಂದೆ ಆ ತಳಿಯವನಾಗಿದ್ದು ತಾಯಿ ಬೇರೆ ತಳಿಯವಳಾಗಿದ್ದರೆ ಬರುವುದು ಬಹಳ ಕಡಿಮೆ. ಪ್ರಯೋಗಾಲಯದವರು 1933ರಲ್ಲಿ ಇದನ್ನು ಪ್ರಕಟಿಸಿದರು. ವಂಶವಾಹಿಗಳ ಜೊತೆಗೆ ಇನ್ನೇನೋ ಒಂದು ತಾಯಿಯ ಕಡೆಯಿಂದ ಮಗಳಿಗೆ ದಾಟುತ್ತಿದೆ ಎಂಬುದು ಖಚಿತವಾಯಿತು. ಅದು ಏನು?

ಅಲ್ಲಿದ್ದ ಜಾನ್ ಬಿಟ್ನರ್ ಮಾಡಿದ ಪ್ರಯೋಗ ಎಷ್ಟು ಸರಳವೆಂದರೆ ನಮ್ಮ ಹಳ್ಳಿಯ ಅಜ್ಜಿಯರಿಗೂ ತಕ್ಷಣ ಅರ್ಥವಾದೀತು. ರೋಗದ ತಳಿಯ ಮರಿ ಹುಟ್ಟಿದ ಕೂಡಲೇ, ಹೆತ್ತ ತಾಯಿಯ ಮೊಲೆಗೆ ಬಾಯಿ ಹಾಕುವ ಮೊದಲೇ, ಆತ ಅದನ್ನೆತ್ತಿ ಆರೋಗ್ಯವಂತ ತಳಿಯ ಸಾಕುತಾಯಿಯ ಬಳಿ ಬಿಟ್ಟ. ಮರಿ ಅವಳ ಹಾಲು ಕುಡಿದು ಬೆಳೆಯಿತು. ಅಂಥ ಮರಿಗಳಲ್ಲಿ ಗಡ್ಡೆಗಳ ಪ್ರಮಾಣ ಪಾತಾಳಕ್ಕಿಳಿಯಿತು. 1936ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಆತನ ವರದಿ ತೀರಾ ಚಿಕ್ಕದು. ಆದರೆ ಅದು ಹೇಳಿದ್ದು ದೊಡ್ಡ ಮಾತು: ರೋಗ ದಾಟುತ್ತಿದ್ದದ್ದು ಹಾಲಿನಲ್ಲಿ.

ಬಿಟ್ನರ್ ಅದನ್ನು ವೈರಸ್ ಎಂದು ಕರೆಯಲಿಲ್ಲ, ಹಾಲಿನಲ್ಲಿರುವ ಒಂದು ಅಂಶ ಎಂದಷ್ಟೇ ಹೇಳಿದ. ಕ್ಯಾನ್ಸರ್ ವೈರಸ್ಸಿನಿಂದ ಬರಬಹುದು ಎಂದರೆ ನಂಬುವವರು ವಿರಳವಾಗಿದ್ದ ಕಾಲ ಅದು. ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯ ಪೇಟನ್ ರೌಸ್ ಕೋಳಿಯ ಗಡ್ಡೆಯೊಂದು ವೈರಸ್ಸಿನಿಂದ ಹರಡುತ್ತದೆಂದು 1911ರಲ್ಲೇ ತೋರಿಸಿಕೊಟ್ಟಿದ್ದರೂ, ಅದಕ್ಕೆ ನೊಬೆಲ್ ಪ್ರಶಸ್ತಿ ಬರಲು 1966ರ ತನಕ, ಅಂದರೆ 55 ವರ್ಷ ಕಾಯಬೇಕಾಯಿತು. ಮುಂದೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಬಂದ ಮೇಲೆ ಇಲಿಯ ಹಾಲಿನಲ್ಲಿದ್ದ ಆ ‘ಅಂಶ’ ಕಣ್ಣಿಗೆ ಬಿತ್ತು. ಅದೊಂದು ವೈರಸ್. ಇಂದು ಅದನ್ನು ಎಂಎಂಟಿವಿ ಎನ್ನುತ್ತಾರೆ.

ಅದು ಕೆಲಸ ಮಾಡುವ ಬಗೆ ವಿಚಿತ್ರ. ಹಾಲಿನ ಜೊತೆ ಮರಿಯ ಹೊಟ್ಟೆ ಸೇರಿ, ಕರುಳಿನ ಗೋಡೆಯಲ್ಲಿ ಕಾವಲಿರುವ ರೋಗನಿರೋಧಕ ಕೋಶಗಳನ್ನೇ ಹೊಕ್ಕು, ಅವುಗಳನ್ನೇ ಬಂಡಿ ಮಾಡಿಕೊಂಡು ಮೊಲೆಯ ಗ್ರಂಥಿಗಳನ್ನು ತಲುಪುತ್ತದೆ. ಮರಿ ಬೆಳೆದು ಬಸಿರಾದಾಗ ಏರುವ ಹಾರ್ಮೋನುಗಳು ಅದನ್ನು ಎಚ್ಚರಿಸುತ್ತವೆ. ಹಾಲು ಇಳಿಯುವ ಹೊತ್ತಿಗೆ ವೈರಸ್ಸೂ ಲಕ್ಷಾಂತರವಾಗಿ ಇಳಿಯುತ್ತದೆ. ಹೀಗೆ ಒಂದು ತಲೆಮಾರಿನಿಂದ ಇನ್ನೊಂದಕ್ಕೆ ದಾಟುತ್ತದೆ.

ಬಾಂಬೆಯ ತಾಯಂದಿರು

ಇಲಿಯಲ್ಲಿ ಹೀಗಾದರೆ ಮನುಷ್ಯರಲ್ಲಿ? ಈ ಪ್ರಶ್ನೆ ಏಳದೇ ಇರಲು ಸಾಧ್ಯವಿರಲಿಲ್ಲ. 1960ರ ದಶಕದಲ್ಲಿ ಅಮೆರಿಕ ಸರ್ಕಾರ ಕ್ಯಾನ್ಸರ್ ವೈರಸ್ಸಿನ ಹುಡುಕಾಟಕ್ಕೆಂದೇ ದೊಡ್ಡ ಯೋಜನೆ ಹಾಕಿ ಹಣ ಸುರಿಯಿತು. ನ್ಯೂಜೆರ್ಸಿಯ ಕ್ಯಾಮ್ಡೆನ್‌ನಲ್ಲಿ ಡ್ಯಾನ್ ಮೂರ್ ಮತ್ತು ಸಂಗಡಿಗರು ಹೆಂಗಸರ ಎದೆಹಾಲನ್ನು ಸೂಕ್ಷ್ಮದರ್ಶಕದಡಿ ಇಟ್ಟು, ಇಲಿಯ ವೈರಸ್ಸನ್ನು ಹೋಲುವ ಕಣಗಳಿಗಾಗಿ ತಡಕಾಡತೊಡಗಿದರು.

ಆಗ ಅವರ ಗಮನ ಬಾಂಬೆಯ ಪಾರ್ಸಿ ಸಮುದಾಯದ ಕಡೆ ತಿರುಗಿತು. ಅದು ತಮ್ಮತಮ್ಮಲ್ಲೇ ಮದುವೆಯಾಗುವ ಚಿಕ್ಕ ಸಮುದಾಯ. ನಗರದ ಇತರ ಸಮುದಾಯಗಳಿಗಿಂತ ಅವರ ಹೆಂಗಸರಲ್ಲಿ ಸ್ತನ ಕ್ಯಾನ್ಸರ್ ಹೆಚ್ಚೆಂಬುದು ಟಾಟಾ ಸ್ಮಾರಕ ಆಸ್ಪತ್ರೆಯ ವೈದ್ಯರಿಗೆ ಮೊದಲೇ ಗೊತ್ತಿತ್ತು. ಆ ಆಸ್ಪತ್ರೆಯ ಪೇಮಾಸ್ಟರ್, ಭಾರತದಲ್ಲಿ ಕ್ಯಾನ್ಸರ್ ಸಂಶೋಧನೆಗೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕವನ್ನು ಬಳಕೆಗೆ ತಂದವರಲ್ಲಿ ಪ್ರಮುಖರಾದ ಸತ್ಯವತಿ ಸಿರ್ಸಾಟ್ ಮುಂತಾದವರು ಅಮೆರಿಕದವರ ಜೊತೆ ಕೈಜೋಡಿಸಿದರು. ಪಾರ್ಸಿ ತಾಯಂದಿರು ತಮ್ಮ ಕಂದಮ್ಮಗಳಿಗೆ ಕೊಡುವ ಹಾಲಿನಲ್ಲಿ ಒಂದಿಷ್ಟನ್ನು ಪರೀಕ್ಷೆಗೂ ಕೊಟ್ಟರು.

1971ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಫಲಿತಾಂಶ ಬಂತು. ಮನೆತನದಲ್ಲಿ ಸ್ತನ ಕ್ಯಾನ್ಸರ್ ಇಲ್ಲದ ಅಮೆರಿಕದ ಹೆಂಗಸರಲ್ಲಿ ನೂರಕ್ಕೆ 5 ಮಂದಿಯ ಹಾಲಿನಲ್ಲಿ ಮಾತ್ರ ಅಂಥ ಕಣಗಳು ಕಂಡಿದ್ದವು. ಮನೆತನದಲ್ಲಿ ರೋಗ ಇದ್ದವರಲ್ಲಿ ನೂರಕ್ಕೆ 60. ಪಾರ್ಸಿ ಹೆಂಗಸರಲ್ಲಿ ನೂರಕ್ಕೆ 39. ಪರೀಕ್ಷಿಸಿದ ಹಾಲಿನ ಮಾದರಿಗಳು ಬಹಳ ಇರಲಿಲ್ಲ. ಆದರೂ ಓದಿದವರ ಎದೆ ಝಲ್ಲೆಂದಿತು. ಮರುವರ್ಷ ಕೊಲಂಬಿಯಾ ವಿಶ್ವವಿದ್ಯಾಲಯದ ಸೋಲ್ ಸ್ಪೀಗಲ್‌ಮನ್ ತಂಡ, ಇಲಿಯ ವೈರಸ್ಸಿಗೆ ನಂಟಿರುವ ಆರ್‌ಎನ್‌ಎ ಮನುಷ್ಯರ ಸ್ತನದ ಗಡ್ಡೆಯಲ್ಲೂ ಇದೆ ಎಂದಿತು. ಹೆಣ್ಣುಮಗುವಿಗೆ ಎದೆಹಾಲು ಕೊಡುವುದು ಸರಿಯೇ ಎಂಬ ಮಾತೂ ಎದ್ದಿತು.

ಆದರೆ ಹೆಚ್ಚು ಮಂದಿಯ ಹಾಲನ್ನು ಹೆಚ್ಚು ಎಚ್ಚರದಿಂದ ನೋಡುತ್ತ ಹೋದಂತೆ ಆ ವ್ಯತ್ಯಾಸ ಕರಗಿಹೋಯಿತು. ಮನೆತನದಲ್ಲಿ ರೋಗ ಇದ್ದವರ ಹಾಲಿಗೂ ಇಲ್ಲದವರ ಹಾಲಿಗೂ ಹೇಳಿಕೊಳ್ಳುವಂಥ ಭೇದ ಉಳಿಯಲಿಲ್ಲ. ಮನುಷ್ಯರ ಹಾಲಿನಲ್ಲಿ ಸಹಜವಾಗಿಯೇ ಸಾವಿರ ಬಗೆಯ ಸೂಕ್ಷ್ಮ ಗುಳ್ಳೆಗಳಿರುತ್ತವೆ. ವೈರಸ್ಸಿನಂತೆ ಕಾಣುವುದೆಲ್ಲ ವೈರಸ್ ಅಲ್ಲ. ಪಾರ್ಸಿ ಹೆಂಗಸರಲ್ಲಿ ರೋಗ ಹೆಚ್ಚಿರುವುದಕ್ಕೆ ತಡವಾದ ಮದುವೆ, ಕಡಿಮೆ ಮಕ್ಕಳಂಥ ಕಾರಣಗಳು ಹೆಚ್ಚು ಸರಿಹೊಂದಿದವು.

ಸಿಕ್ಕಿತು ಎಂದವರು, ಸಿಗಲಿಲ್ಲ ಎಂದವರು

1995ರಲ್ಲಿ ಪ್ರಶ್ನೆ ಮತ್ತೆ ಜೀವ ಪಡೆಯಿತು. ನ್ಯೂಯಾರ್ಕಿನ ಮೌಂಟ್ ಸಿನಾಯ್‌ನ ಬಿಯಾಟ್ರಿಜ್ ಪೋಗೋ, ಜೇಮ್ಸ್ ಹಾಲೆಂಡ್ ತಂಡ ಎಳೆಯಷ್ಟು ಡಿಎನ್‌ಎಯನ್ನೂ ಕೋಟಿಪಟ್ಟು ಹೆಚ್ಚಿಸಿ ತೋರಿಸುವ ಪಿಸಿಆರ್ ವಿಧಾನದಿಂದ ಗಡ್ಡೆಗಳನ್ನು ಪರೀಕ್ಷಿಸಿತು. ನೂರಕ್ಕೆ ಸುಮಾರು 38 ಗಡ್ಡೆಗಳಲ್ಲಿ ಇಲಿಯ ವೈರಸ್ಸಿನ ತುಣುಕನ್ನು ಹೋಲುವ ಡಿಎನ್‌ಎ ಸಿಕ್ಕಿತು. ಆರೋಗ್ಯವಂತರ ಸ್ತನದ ಅಂಗಾಂಶದಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಆಸ್ಟ್ರೇಲಿಯಾ ಮುಂತಾದ ಕಡೆ ಕೆಲವು ತಂಡಗಳು ಹೌದೆಂದವು. ಅಷ್ಟೇ ಸಮರ್ಥವಾದ ಬೇರೆ ತಂಡಗಳಿಗೆ ಏನೂ ಸಿಗಲಿಲ್ಲ.

ಪಿಸಿಆರ್‌ನ ಬಲವೇ ಅದರ ದೌರ್ಬಲ್ಯ. ಪ್ರಯೋಗಾಲಯದಲ್ಲಿ ಇಲಿಯ ಡಿಎನ್‌ಎ ಧೂಳಿನಲ್ಲೂ ಇರಬಹುದು, ಪರೀಕ್ಷೆಗೆ ಬಳಸುವ ರಾಸಾಯನಿಕದಲ್ಲೂ ಇರಬಹುದು. ಎಕ್ಸ್‌ಎಂಆರ್‌ವಿ ಎಂಬ ಇನ್ನೊಂದು ವೈರಸ್ಸಿನ ವಿಷಯದಲ್ಲಿ ಇಂಥ ಬೆರಕೆಯಿಂದ ಆದ ಎಡವಟ್ಟು ಜಗಜ್ಜಾಹೀರಾಯಿತು. 2009ರಲ್ಲಿ ‘ಸೈನ್ಸ್’ ಪತ್ರಿಕೆ ಅದರ ಬಗ್ಗೆ ಪ್ರಕಟಿಸಿದ ಲೇಖನವನ್ನು 2011ರಲ್ಲಿ ಹಿಂದಕ್ಕೆ ಪಡೆಯಬೇಕಾಯಿತು. ಜೊತೆಗೆ, ನಮ್ಮ ಪ್ರತಿಯೊಬ್ಬರ ಡಿಎನ್‌ಎಯಲ್ಲೂ ನೂರಕ್ಕೆ ಸುಮಾರು 8 ಭಾಗ ಲಕ್ಷಾಂತರ ವರ್ಷಗಳ ಹಿಂದೆ ಪೂರ್ವಿಕರಿಗೆ ಅಂಟಿ ಹಾಗೇ ಉಳಿದ ವೈರಸ್‌ಗಳ ಪಳೆಯುಳಿಕೆ. ಅವುಗಳಲ್ಲಿ ಕೆಲವು ಇಲಿಯ ಈ ವೈರಸ್ಸಿನ ದೂರದ ನೆಂಟರು. ಹಳೆಯ ನೆಂಟನನ್ನು ಹೊಸ ಕಳ್ಳನೆಂದು ಹಿಡಿದುಬಿಡುವ ಅಪಾಯ ಯಾವಾಗಲೂ ಇದ್ದೇ ಇದೆ.

ಅನುಮಾನದ ಪಟ್ಟಿಯಲ್ಲಿ ಇನ್ನೂ ಕೆಲವು ಹೆಸರುಗಳಿವೆ. ಎಪ್‌ಸ್ಟೀನ್-ಬಾರ್ ವೈರಸ್ ಕೆಲವರ ಗಡ್ಡೆಗಳಲ್ಲಿ ಸಿಕ್ಕಿದ್ದುಂಟು. ಆದರೆ ವಯಸ್ಕರಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಮಂದಿಯ ಬಿಳಿ ರಕ್ತಕಣಗಳಲ್ಲಿ ಅದು ಸದ್ದಿಲ್ಲದೆ ಕೂತಿರುತ್ತದೆ, ಗಡ್ಡೆಯ ಒಳಗೆ ಆ ರಕ್ತಕಣಗಳೂ ಓಡಾಡುತ್ತಿರುತ್ತವೆ. ದನಗಳಿಗೆ ರಕ್ತದ ಕ್ಯಾನ್ಸರ್ ತರುವ ಬಿಎಲ್‌ವಿ ಎಂಬ ವೈರಸ್ ಬಗ್ಗೆ 2015ರಲ್ಲಿ ಬರ್ಕ್ಲಿಯ ಗರ್ಟ್ರೂಡ್ ಬ್ಯುರಿಂಗ್ ತಂಡ ಬರೆಯಿತು: ರೋಗಿಗಳ ಪೈಕಿ ನೂರಕ್ಕೆ 59 ಮಂದಿಯಲ್ಲಿ, ರೋಗವಿಲ್ಲದವರ ಪೈಕಿ ನೂರಕ್ಕೆ 29 ಮಂದಿಯಲ್ಲಿ ಅದರ ಡಿಎನ್‌ಎ ಇತ್ತು. ಮರುವರ್ಷವೇ ಇನ್ನೊಂದು ತಂಡ 51 ಸ್ತನ ಕ್ಯಾನ್ಸರ್‌ಗಳ ಇಡೀ ಡಿಎನ್‌ಎಯನ್ನು ಅಕ್ಷರ ಬಿಡದೆ ಓದಿಸಿ ನೋಡಿತು. ಎಲ್ಲೂ ಬಿಎಲ್‌ವಿ ಇರಲಿಲ್ಲ. ಹಾಲು ಕುಡಿಯಲು ಹೆದರಬೇಕಾದ ಕಾರಣವೂ ಇಲ್ಲ. ಪಾಶ್ಚೀಕರಣದಲ್ಲಿ ಆ ವೈರಸ್ ಸಾಯುತ್ತದೆ. ನಮ್ಮ ಮನೆಗಳಲ್ಲಂತೂ ಹಾಲು ಉಕ್ಕಿ ಬರುವ ತನಕ ಒಲೆಯಿಂದ ಇಳಿಸುವುದಿಲ್ಲ.

2013ರಲ್ಲಿ 19 ಬಗೆಯ ಕ್ಯಾನ್ಸರ್‌ಗಳ 4,433 ಗಡ್ಡೆಗಳನ್ನು ಒಟ್ಟಿಗೆ ಜಾಲಾಡಿದ ಅಧ್ಯಯನವೊಂದು ಬಂತು. ಗರ್ಭಕಂಠದ ಕ್ಯಾನ್ಸರ್‌ನಲ್ಲಿ ಹೆಚ್‌ಪಿವಿ, ಯಕೃತ್ತಿನ ಕ್ಯಾನ್ಸರ್‌ನಲ್ಲಿ ಹೆಪಟೈಟಿಸ್ ಬಿ ಎದ್ದು ಕಂಡವು. ಸ್ತನದ ಗಡ್ಡೆಗಳಲ್ಲಿ ಹಾಗೆ ಎದ್ದು ಕಾಣುವ ವೈರಸ್ ಇರಲಿಲ್ಲ. ಬೆಂಕಿ ಹಚ್ಚಿ ಓಡಿಹೋದವನಂತೆ ವೈರಸ್ ತನ್ನ ಕೆಲಸ ಮುಗಿಸಿ ಜಾಗ ಖಾಲಿ ಮಾಡಿರಬಹುದು ಎಂದು ವಾದಿಸುವವರು ಇಂದಿಗೂ ಇದ್ದಾರೆ. ಅದು ಅಸಾಧ್ಯವಲ್ಲ, ಆದರೆ ಇನ್ನೂ ಸಾಬೀತಾಗಿಲ್ಲ. ಜಗತ್ತಿನ ಕ್ಯಾನ್ಸರ್‌ಗಳಲ್ಲಿ ನೂರಕ್ಕೆ ಸುಮಾರು 13ಕ್ಕೆ ಸೋಂಕುಗಳು ಕಾರಣ. ಆ ಪಟ್ಟಿಯಲ್ಲಿ ಸ್ತನ ಕ್ಯಾನ್ಸರ್ ಇಲ್ಲ.

ತಂಗಿಗೆ ಕೊಟ್ಟ ಉತ್ತರ

ಇಷ್ಟೆಲ್ಲ ಓದಿಕೊಂಡು ನಾನು ತಂಗಿಗೆ ಹೇಳಿದ್ದು ಮೂರು ಮಾತು.

ಮೊದಲನೆಯದು: ರೋಗ ಹಾಲಿನಲ್ಲಿ ದಾಟುವುದಾಗಿದ್ದರೆ ತಾಯಿಯ ಕಡೆ ಕ್ಯಾನ್ಸರ್ ಇದ್ದ ಹೆಣ್ಣುಮಕ್ಕಳಿಗೆ ಅಪಾಯ ಹೆಚ್ಚು, ತಂದೆಯ ಕಡೆ ಇದ್ದವರಿಗೆ ಕಡಿಮೆ ಇರಬೇಕಿತ್ತು, ಬಾರ್ ಹಾರ್ಬರಿನ ಇಲಿಗಳ ಹಾಗೆ. ಮನುಷ್ಯರಲ್ಲಿ ಹಾಗಿಲ್ಲ. ಸೋದರತ್ತೆಗೆ ಬಂದಿದ್ದರೂ ಲೆಕ್ಕಕ್ಕೆ ಹಿಡಿಯಲೇಬೇಕು. 1990ರ ದಶಕದಲ್ಲಿ ಪತ್ತೆಯಾದ ಬಿಆರ್‌ಸಿಎ ಎಂಬ ಎರಡು ವಂಶವಾಹಿಗಳ ದೋಷ ಅಪ್ಪನಿಂದಲೂ ಬರುತ್ತದೆ, ಅಮ್ಮನಿಂದಲೂ ಬರುತ್ತದೆ. ‘ಅಮ್ಮನಿಗೆ ಬಂದಿದೆ ಎಂದು ನಿನ್ನ ಡಾಕ್ಟರಿಗೆ ಮರೆಯದೆ ಹೇಳು, ತಪಾಸಣೆ ಯಾವಾಗ ಶುರು ಮಾಡಬೇಕೆಂದು ಕೇಳು. ಆದರೆ ಕುಡಿದ ಹಾಲನ್ನು ದೂರಬೇಡ’ ಎಂದೆ.

ಎರಡನೆಯದು: ಎದೆಹಾಲು ಕೊಡುವುದು ತಾಯಿಗೇ ರಕ್ಷೆ. 30 ದೇಶಗಳ 47 ಅಧ್ಯಯನಗಳನ್ನು ಕೂಡಿಸಿ 2002ರಲ್ಲಿ ‘ಲ್ಯಾನ್ಸೆಟ್’ ಪ್ರಕಟಿಸಿದ ಲೆಕ್ಕದ ಪ್ರಕಾರ, ಹಾಲೂಡಿದ ಪ್ರತಿ 12 ತಿಂಗಳಿಗೆ ತಾಯಿಯ ಸ್ತನ ಕ್ಯಾನ್ಸರ್ ಅಪಾಯ ನೂರಕ್ಕೆ 4.3ರಷ್ಟು ಇಳಿಯುತ್ತದೆ. ಪ್ರತಿ ಹೆರಿಗೆಗೆ ಇಳಿಯುವ 7 ಬೇರೆ.

ಮೂರನೆಯದು ಚಿಕ್ಕಮ್ಮನ ಲೋಟದ ಬಗ್ಗೆ. ಸ್ತನ ಕ್ಯಾನ್ಸರ್ ಅಂಟುವುದಿಲ್ಲ ಎನ್ನುವುದು ಸಮಾಧಾನಕ್ಕೆ ಹೇಳುವ ಮಾತಲ್ಲ. ರಕ್ತದಾನ ಮಾಡಿದ ಸ್ವಲ್ಪ ಕಾಲಕ್ಕೆ ಕ್ಯಾನ್ಸರ್ ಪತ್ತೆಯಾದ ದಾನಿಗಳ ರಕ್ತವನ್ನು ಪಡೆದ 12 ಸಾವಿರಕ್ಕೂ ಹೆಚ್ಚು ಮಂದಿಯನ್ನು ಸ್ವೀಡನ್ ಮತ್ತು ಡೆನ್ಮಾರ್ಕ್‌ನ ಸಂಶೋಧಕರು ವರ್ಷಗಟ್ಟಲೆ ಗಮನಿಸಿದರು. ಅವರಲ್ಲಿ ಕ್ಯಾನ್ಸರ್ ಹೆಚ್ಚಾಗಲಿಲ್ಲ. ಎಚ್‌ಐವಿ ಇರುವವರಲ್ಲಿ, ಕಿಡ್ನಿ ಕಸಿ ಮಾಡಿಸಿಕೊಂಡವರಲ್ಲಿ ರೋಗನಿರೋಧಕ ಶಕ್ತಿ ಕುಗ್ಗುವುದರಿಂದ ವೈರಸ್ಸಿನಿಂದ ಬರುವ ಕ್ಯಾನ್ಸರ್‌ಗಳು ಏರುತ್ತವೆ. ಸ್ತನ ಕ್ಯಾನ್ಸರ್ ಮಾತ್ರ ಏರುವುದಿಲ್ಲ. ಮೈಯೊಳಗೆ ರಕ್ತ ಹೋದರೇ ಅಂಟದ್ದು ಲೋಟದ ಅಂಚಿನಿಂದ ಅಂಟೀತೇ?

ಇದನ್ನೆಲ್ಲ ಬಾಗಿಲ ಬಳಿ ನಿಂತು ಕೇಳಿಸಿಕೊಳ್ಳುತ್ತಿದ್ದ ಚಿಕ್ಕಮ್ಮ ಕೇಳಿದ್ದು ಒಂದೇ: ‘ಹಂಗಾದ್ರೆ ಪಾಪೂನ ಎತ್ಕೊಳ್ಳಬಹುದಾ?’ ಆ ಮೂರು ದಿನವೂ ಅವರು ಮೊಮ್ಮಗಳನ್ನು ಮುಟ್ಟಿರಲಿಲ್ಲ ಎಂಬುದು ನಮಗೆ ಹೊಳೆದದ್ದು ಆಗಲೇ.

ಹುಡುಕಾಟ ವ್ಯರ್ಥವಾಗಲಿಲ್ಲ

ಹಾಗಾದರೆ 90 ವರ್ಷದ ದುಡಿಮೆ ನೀರಿನಲ್ಲಿ ಹೋಮವಾಯಿತೇ? ಖಂಡಿತ ಇಲ್ಲ. ಇಲಿಯ ವೈರಸ್ ಗಡ್ಡೆ ಹುಟ್ಟಿಸುವಾಗ ಡಿಎನ್‌ಎಯ ಯಾವ ಜಾಗದಲ್ಲಿ ತೂರಿಕೊಳ್ಳುತ್ತದೆ ಎಂದು ರೋಲ್ ನುಸ್ ಮತ್ತು ಹೆರಾಲ್ಡ್ ವಾರ್ಮಸ್ 1982ರಲ್ಲಿ ಪತ್ತೆ ಹಚ್ಚಿದರು. ಅಲ್ಲಿ ಸಿಕ್ಕ ವಂಶವಾಹಿಗೆ ಇಂದು ವಿಂಟ್ ಎಂಬ ಹೆಸರು. ಗರ್ಭದಲ್ಲಿ ಶಿಶುವಿನ ಅಂಗಾಂಗಗಳು ರೂಪುಗೊಳ್ಳುವುದರಿಂದ ಹಿಡಿದು ಕರುಳಿನ ಕ್ಯಾನ್ಸರ್‌ವರೆಗೆ ಎಲ್ಲ ಕಡೆ ಅದರ ಬಳಗದ ಕೈವಾಡವಿದೆ.

ಸ್ತನ ಕ್ಯಾನ್ಸರ್ ರೋಗಿಗಳ ಕೈಯಲ್ಲಿರುವ ಲ್ಯಾಬ್ ರಿಪೋರ್ಟನ್ನೇ ತೆಗೆದು ನೋಡಿ. ಅದರಲ್ಲಿ ಹರ್-2 ಎಂಬ ಸಾಲು ಇರುತ್ತದೆ. ಅದು ಪಾಸಿಟಿವ್ ಆದರೆ ಟ್ರಾಸ್ಟುಜುಮ್ಯಾಬ್ ಎಂಬ ಮದ್ದು ಕೆಲಸ ಮಾಡುತ್ತದೆ. 1998ರಲ್ಲಿ ಬಳಕೆಗೆ ಬಂದ ಆ ಮದ್ದು ಅಸಂಖ್ಯ ಹೆಂಗಸರನ್ನು ಉಳಿಸಿದೆ. ಈ ಹರ್-2ಗೆ ಇನ್ನೊಂದು ಹೆಸರು ಇಆರ್‌ಬಿಬಿ-2. ಕೋಳಿಗಳಿಗೆ ರಕ್ತದ ಕ್ಯಾನ್ಸರ್ ತರುವ ಒಂದು ವೈರಸ್ಸಿನಿಂದ ಬಂದ ಹೆಸರು ಅದು. ಕೋಳಿ, ಇಲಿಗಳ ವೈರಸ್ಸನ್ನು ಹಟ ಹಿಡಿದು ಅಭ್ಯಾಸ ಮಾಡಿದವರು ಇಲ್ಲದಿದ್ದರೆ ಚಿಕ್ಕಮ್ಮನ ರಿಪೋರ್ಟಿನ ಆ ಸಾಲೂ ಇರುತ್ತಿರಲಿಲ್ಲ.

ಮಲಗಿದ್ದನ್ನು ಎಬ್ಬಿಸುವ ಜ್ವರ

ಕ್ಯಾನ್ಸರನ್ನು ಹುಟ್ಟಿಸುವ ವೈರಸ್ಸನ್ನೇ ಎಲ್ಲರೂ ಹುಡುಕುತ್ತಿದ್ದಾಗ 2025ರ ಜುಲೈಯಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಸಂಶೋಧನೆಯೊಂದು ಪ್ರಶ್ನೆಯ ದಿಕ್ಕನ್ನೇ ತಿರುಗಿಸಿತು. ಸ್ತನ ಕ್ಯಾನ್ಸರ್ ಗುಣವಾದ ಮೇಲೂ ಕೆಲವರ ಶ್ವಾಸಕೋಶದಲ್ಲೋ ಮೂಳೆಯಲ್ಲೋ ಬೆರಳೆಣಿಕೆಯ ಕ್ಯಾನ್ಸರ್ ಕೋಶಗಳು ವರ್ಷಗಟ್ಟಲೆ ನಿದ್ದೆ ಹೋದಂತೆ ಉಳಿದಿರುತ್ತವೆ. ಅಂಥ ಕೋಶಗಳಿರುವ ಇಲಿಗಳಿಗೆ ಕೊಲರಾಡೊದ ಜೇಮ್ಸ್ ಡಿಗ್ರೆಗೊರಿ ಮತ್ತು ಜೊತೆಗಾರರು ಫ್ಲೂ ಸೋಂಕು ತಗುಲಿಸಿದರು. ಕೆಲವೇ ದಿನಗಳಲ್ಲಿ ಶ್ವಾಸಕೋಶದ ಆ ಕೋಶಗಳು ಎದ್ದು ನೂರು ಪಟ್ಟು ಮೀರಿ ಹೆಚ್ಚಿದವು. ಕೋವಿಡ್ ವೈರಸ್ಸಿನಿಂದಲೂ ಹಾಗೇ ಆಯಿತು. ಎಬ್ಬಿಸಿದ್ದು ವೈರಸ್ ನೇರವಾಗಿ ಅಲ್ಲ. ಸೋಂಕಿನ ವಿರುದ್ಧ ದೇಹವೇ ಹೊರಡಿಸುವ ಐಎಲ್-6 ಎಂಬ ಉರಿಯೂತದ ಸಂದೇಶ. ಐಎಲ್-6 ಇಲ್ಲದಂತೆ ಮಾಡಿದ ಇಲಿಗಳಲ್ಲಿ ಕೋಶಗಳು ಹಾಗೆ ಹೆಚ್ಚಲಿಲ್ಲ.

ಸಂಶೋಧಕರು ಬ್ರಿಟನ್ ಮತ್ತು ಅಮೆರಿಕದ ರೋಗಿಗಳ ದಾಖಲೆಗಳನ್ನೂ ತಿರುವಿ ಹಾಕಿದರು. ಸ್ತನ ಕ್ಯಾನ್ಸರ್ ಆಗಿದ್ದ ಅಮೆರಿಕದ ಹೆಂಗಸರಲ್ಲಿ, ಕೋವಿಡ್ ಬಂದವರ ಶ್ವಾಸಕೋಶಕ್ಕೆ ಕ್ಯಾನ್ಸರ್ ಹರಡಿದ ಸಂಭವ ಬಾರದವರಿಗಿಂತ ಸುಮಾರು ಒಂದೂವರೆ ಪಟ್ಟು ಇತ್ತು. ಇಲಿಯಲ್ಲಿ ಕಂಡದ್ದೇ ಮನುಷ್ಯರಲ್ಲೂ ನಡೆಯುತ್ತದೆ ಎಂದು ದಾಖಲೆಗಳಷ್ಟರಿಂದಲೇ ಹೇಳಲಾಗದು. ನೆಗಡಿ ಬಂದ ಮಾತ್ರಕ್ಕೆ ಯಾರೂ ಎದೆಗುಂದಬೇಕಿಲ್ಲ. ಆದರೆ ಎಚ್ಚರ ವಹಿಸಲು ಇಷ್ಟು ಸಾಕು. ಕೀಮೋ ನಡೆಯುವಾಗ ಬಿಳಿ ರಕ್ತಕಣಗಳು ಕುಸಿದು ಸಾಮಾನ್ಯ ಜ್ವರವೂ ಜೀವಕ್ಕೆ ಎರವಾಗಬಹುದು ಎಂಬುದು ಮೊದಲಿನಿಂದಲೂ ಗೊತ್ತಿರುವುದೇ. ಮೈಯಲ್ಲಿ ಅಡಗಿರುವ ಹೆಪಟೈಟಿಸ್ ಬಿ ಕೀಮೋ ಸಮಯದಲ್ಲಿ ಕೆರಳಬಹುದೆಂದೇ ವೈದ್ಯರು ಮೊದಲೇ ರಕ್ತ ಪರೀಕ್ಷೆ ಮಾಡಿಸುತ್ತಾರೆ. ಫ್ಲೂ ಲಸಿಕೆ ಯಾವಾಗ ಹಾಕಿಸಿಕೊಳ್ಳಬೇಕೆಂದು ರೋಗಿಗಳೂ ಮನೆಯವರೂ ತಮ್ಮ ಡಾಕ್ಟರನ್ನು ಕೇಳುವುದು ಒಳ್ಳೆಯದು.

ಅಂದರೆ ನಾವು ಭಯವನ್ನು ತಲೆಕೆಳಗಾಗಿ ಹಿಡಿದುಕೊಂಡಿದ್ದೇವೆ. ಸೋಂಕು ದಾಟುವ ಅಪಾಯ ಇರುವುದು ಕ್ಯಾನ್ಸರ್ ರೋಗಿಯಿಂದ ನಮಗಲ್ಲ, ನಮ್ಮಿಂದ ಅವರಿಗೆ. 2022ರ ಒಂದೇ ವರ್ಷದಲ್ಲಿ ಭಾರತದಲ್ಲಿ ಸುಮಾರು 1.92 ಲಕ್ಷ ಹೆಂಗಸರಿಗೆ ಹೊಸದಾಗಿ ಸ್ತನ ಕ್ಯಾನ್ಸರ್ ಬಂತೆಂದು ಅಂದಾಜು. 1982ರಿಂದ ಕ್ಯಾನ್ಸರ್ ನೋಂದಣಿ ನಡೆಸಿಕೊಂಡು ಬಂದಿರುವ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯ ಲೆಕ್ಕದಲ್ಲೂ, ಒಂದು ಕಾಲಕ್ಕೆ ಮುಂದಿದ್ದ ಗರ್ಭಕಂಠದ ಕ್ಯಾನ್ಸರನ್ನು ಹಿಂದೆ ಹಾಕಿ ಇದು ಮೊದಲ ಸ್ಥಾನಕ್ಕೆ ಬಂದಿದೆ. ಗಂಟು ಕೈಗೆ ಸಿಕ್ಕರೂ ‘ಜನ ಏನಂತಾರೋ’ ಎಂದು ಸೆರಗು ಎಳೆದುಕೊಂಡು ಸುಮ್ಮನಿರುವ ಹೆಂಗಸರು ಇಂದಿಗೂ ಎಷ್ಟೋ ಮಂದಿ. ಅದರ ಮೇಲೆ ‘ಅಂಟುರೋಗ’ ಎಂಬ ಗುಮಾನಿಯೂ ಸೇರಿಕೊಂಡರೆ ಅವರು ಆಸ್ಪತ್ರೆಗೆ ಬರುವುದು ಇನ್ನೂ ತಡವಾಗುತ್ತದೆ, ಮತ್ತು ಈ ರೋಗದಲ್ಲಿ ತಡವಾದಷ್ಟೂ ಗುಣವಾಗುವ ದಾರಿ ಕಿರಿದಾಗುತ್ತದೆ.

ಮೊನ್ನೆ ಮತ್ತೆ ಊರಿಗೆ ಹೋಗಿದ್ದೆ. ಲೋಟದ ತಳದ ಕೆಂಪು ಚುಕ್ಕೆ ಮಾಸಿದ್ದರೂ ಹಾಗೇ ಇದೆ. ಚಿಕ್ಕಮ್ಮನಿಗೆ ಈಗಲೂ ಅದರಲ್ಲೇ ಕಾಫಿ. ನೆಗಡಿ ಹಿಡಿದಿದ್ದ ದೊಡ್ಡ ಮೊಮ್ಮಗ ಅದಕ್ಕೆ ಕೈ ಹಾಕಲು ಹೋದಾಗ ಒಳಗಿನಿಂದ ಅವನ ಅಮ್ಮ ಕೂಗಿದಳು: ‘ಲೋ, ಅದು ಅಜ್ಜಿ ಲೋಟ ಕಣೋ, ನಿನ್ನ ನೆಗಡಿ ಅಜ್ಜಿಗೆ ಹತ್ತೀತು!’